ಕೊಟ್ಟಿಗೆಯಿಂದ ಮನೆಗೆ ಬರುವ ಜ್ವರ

ಪಶುವೈದ್ಯರಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ಬರುತ್ತಾರೆ. ಚಹಾ ಮುಗಿಯುವ ಹೊತ್ತಿಗೆ ಅವರಲ್ಲೊಬ್ಬರು, ಕೆಲಸ ಅಂದರೆ ನಿಜವಾಗಿ ಹೇಗಿರುತ್ತದೆ ಮೇಡಂ ಎಂದು ಕೇಳುತ್ತಾರೆ. ಬಡ್ತಿ, ವರ್ಗಾವಣೆಗಳ ಕಥೆಯನ್ನು ನಾನು ಹೇಳುವುದಿಲ್ಲ. ಅವು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಥರ. ನಾನು ಹೇಳುವುದು ಕೆಲವು ಜ್ವರಗಳ ಕಥೆ. ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ನಿವೃತ್ತಿಯಾದ ಮೇಲೆ ಬೆಳಗಿನ ಹೊತ್ತು ಅರೆನಿದ್ದೆಯಲ್ಲಿ ಮಲಗಿರುವುದು ಅಭ್ಯಾಸವಾಗಿದೆ. ಆಗ ಎರಡು ಊರುಗಳು ಒಂದರೊಳಗೊಂದು ಕಲೆಯುತ್ತವೆ. ಚೇಳೂರಿನ ರಾಗಿ ಹೊಲದ ಬದುವಿನ ಮೇಲೆ ಒಂಟೆಗಳು ನಿಂತಿರುತ್ತವೆ. ಕೀನ್ಯಾದ ಕೆಂಪು ಮಣ್ಣಿನ ದಾರಿಯಲ್ಲಿ ಗುಬ್ಬಿಗೆ ಹೋಗುವ ಬಸ್ಸು ಧೂಳೆಬ್ಬಿಸಿಕೊಂಡು ಬರುತ್ತದೆ. ಒಳಗೆ ಕೂತವರೆಲ್ಲ ನನಗೆ ಗೊತ್ತಿರುವವರೇ. ಯಾರೂ ಮಾತಾಡುವುದಿಲ್ಲ. ಎದ್ದು ಮುಖ ತೊಳೆದ ಮೇಲೂ ಸ್ವಲ್ಪ ಹೊತ್ತು ನಾನು ಯಾವ ದೇಶದಲ್ಲಿದ್ದೇನೆ ಎನ್ನುವುದು ಸರಿಯಾಗಿ ತಿಳಿಯುವುದಿಲ್ಲ.

ನಮ್ಮ ಅಬ್ಬಾ ತುಮಕೂರಿನಲ್ಲಿ ಜಟಕಾ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದರು. ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅದರೊಂದಿಗೆ ಉರ್ದುವಿನಲ್ಲೂ, ಅದರ ಮಾಲೀಕನೊಂದಿಗೆ ಕನ್ನಡದಲ್ಲೂ ಮಾತಾಡುತ್ತಿದ್ದರು. ಜಟಕಾಗಳು ಹೋಗಿ ಆಟೋಗಳು ಬಂದವು. ಅಷ್ಟು ಹೊತ್ತಿಗೆ ನಾನು ಪಶುವೈದ್ಯಕೀಯ ಕಾಲೇಜು ಸೇರಿದ್ದೆ.

ಮೊದಲು ಕೆಲಸ ಸಿಕ್ಕಿದ್ದು ಗುಬ್ಬಿಯಲ್ಲಿ. ಚೇಳೂರು ಹೋಬಳಿಯೂ ನನ್ನ ಪಾಲಿಗೇ ಬಿತ್ತು. ಅಲ್ಲಿ ನನ್ನ ಜೊತೆಗಿದ್ದವರು ಚೇಳೂರಿನವರೇ ಆದ ಬಸವರಾಜು. ಔಷಧದ ಪೆಟ್ಟಿಗೆ ಹಿಡಿಯುವುದು, ದನ ಹಿಡಿಯುವುದು, ಲಸಿಕೆ ಹಾಕುವುದು, ಎಲ್ಲಕ್ಕೂ ಅವರೇ. ದೊಡ್ಡ ಆಳು, ಸಣ್ಣ ದನಿ. ಅವರು ಬೈಕ್ ಓಡಿಸುತ್ತ ತೆಂಗಿನ ಸಾಲುಗಳ ನಡುವೆ ಹೋಗುವಾಗ ಹಾಡು ಗುನುಗುತ್ತಿದ್ದರು. ಹಿಂದೆ ಕೂತ ನನಗೆ ಯಾವ ಹಾಡೆಂದು ಒಮ್ಮೆಯೂ ತಿಳಿಯಲಿಲ್ಲ. ಕರು ಹಾಕಿದ ಮೇಲೆ ಬೀಳಬೇಕಾದ ಮಾಸು ಒಳಗೇ ಉಳಿದರೆ ಅವರು ಅಂಗಿ ಕಳಚಿ, ತೋಳಿಗೆ ಸೋಪು ಹಚ್ಚಿಕೊಂಡು ಭುಜದವರೆಗೆ ಕೈಹಾಕಿ ಬಿಡಿಸುತ್ತಿದ್ದರು. ಕೈಗವಸು ಆಗ ಯಾರಿಗೂ ಇರಲಿಲ್ಲ. ನಮ್ಮ ಮೇಲಧಿಕಾರಿಯೂ ಹಾಗೆಯೇ ಮಾಡಿ ಮೇಲೆ ಬಂದವರು. ಕೈ ತೊಳೆದುಕೊಂಡು ಆ ಮನೆಯಲ್ಲೇ ಊಟಕ್ಕೆ ಕೂರುತ್ತಿದ್ದೆವು.

ಹೀಗೆ ಹಲವು ವರ್ಷ ಕಳೆದ ಮೇಲೆ, ಆಫ್ರಿಕಾದಲ್ಲಿ ಜಾನುವಾರು ರೋಗಗಳ ಮೇಲೆ ಕಣ್ಣಿಡುವ ಒಂದು ಯೋಜನೆಗೆ ಪಶುವೈದ್ಯರು ಬೇಕು ಎಂದು ತಿಳಿಯಿತು. ಅರ್ಜಿ ಹಾಕಿದೆ. ಸಿಕ್ಕಿಬಿಟ್ಟಿತು. ಮಗಳು ಆಗ ಕಾಲೇಜಿನಲ್ಲಿದ್ದಳು. ನಮ್ಮವರು ಕ್ಯಾತ್ಸಂದ್ರದ ಶಾಲೆಯೊಂದರಲ್ಲಿ ಮೇಷ್ಟ್ರು. ಹೋಗಿ ಬಾ, ಅಡುಗೆ ನಾನು ಕಲಿತುಕೊಳ್ಳುತ್ತೇನೆ ಎಂದರು. ಇಲಾಖೆಯಿಂದ ಸಂಬಳವಿಲ್ಲದ ರಜೆ ಪಡೆದು ಹೊರಟೆ.

ನನ್ನನ್ನು ಹಾಕಿದ್ದು ಉತ್ತರ ಕೀನ್ಯಾದ ಒಂದು ಸಣ್ಣ ಪಟ್ಟಣಕ್ಕೆ. ಒಣಗಿದ ನದಿ, ಮುಳ್ಳಿನ ಮರಗಳು, ಮೇಲೆ ಕಣ್ಣು ನೋಯುವಷ್ಟು ದೊಡ್ಡ ಆಕಾಶ. ಅಲ್ಲಿಯ ಜನ ಒಂಟೆ, ಮೇಕೆ, ಕುರಿ ಸಾಕುವವರು. ಬಹುಪಾಲು ಮುಸ್ಲಿಮರು. ಬೆಳಗಿನ ಅಜಾನ್ ಕೇಳಿ ಎದ್ದರೆ ತುಮಕೂರಿನಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ಬಾಗಿಲು ತೆಗೆದರೆ ಒಂಟೆಗಳು ಸಾಲಾಗಿ ಧೂಳಿನಲ್ಲಿ ತೇಲಿದಂತೆ ಹೋಗುತ್ತಿದ್ದವು.

ಅಲ್ಲಿ ನನ್ನ ಮೇಲಧಿಕಾರಿ ಡಾಕ್ಟರ್ ಮ್ವಾಂಗಿ. ಅವರೂ ಪಶುವೈದ್ಯರು, ನನಗಿಂತ ಹಿರಿಯರು, ನಿಧಾನವಾಗಿ ಮಾತಾಡುವವರು. ಯಾರ ಮೇಲೂ ರೇಗಿದ್ದನ್ನು ಕಾಣೆ. ಅವರು ನನಗೆ ಕಲಿಸಿದ್ದು ಒಂದೇ ಪಾಠ. ಪ್ರಾಣಿಗೆ ಕಾಯಿಲೆ ಎಂದು ಕರೆದರೆ, ಮನೆಯಲ್ಲಿ ಮನುಷ್ಯರು ಹೇಗಿದ್ದಾರೆ ಎಂದು ಕೇಳಬೇಕು. ಮನುಷ್ಯರಿಗೆ ಕಾಯಿಲೆ ಎಂದು ಕೇಳಿದರೆ, ಪ್ರಾಣಿಗಳು ಹೇಗಿವೆ ಎಂದು ಕೇಳಬೇಕು. ನಮ್ಮ ಕಾಲೇಜಿನಲ್ಲಿ ಈ ರೋಗಗಳನ್ನೆಲ್ಲ ಓದಿದ್ದೆವು. ಆದರೆ ಮನುಷ್ಯರನ್ನು ನೋಡುವುದು ಬೇರೆಯವರ ಕೆಲಸ ಎಂದುಕೊಂಡಿದ್ದೆವು. ಮ್ವಾಂಗಿ ಅವರು ಊರಿನ ಆಸ್ಪತ್ರೆಯ ನರ್ಸಿನ ಜೊತೆ ದಿನವೂ ಚಹಾ ಕುಡಿಯುತ್ತಿದ್ದರು. ಚಹಾದ ಜೊತೆ ಅವರಿಗೆ ಬೇಕಾಗಿದ್ದು, ಯಾರಿಗೆ ಎಂಥ ಜ್ವರ ಬಂದಿದೆ ಎನ್ನುವ ಸುದ್ದಿ.

ಎರಡನೆಯ ವರ್ಷ ಅಲ್ಲಿ ಮಳೆ ಬಂತು. ಹಾಗೆ ಸುರಿದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಒಣ ನದಿ ಹರಿಯಿತು, ಹರಡಿತು, ಬಯಲೆಲ್ಲ ಕನ್ನಡಿಯಾಯಿತು. ಮುಳ್ಳಿನ ಮರಗಳು ಆಕಾಶದ ಮೇಲೆ ನಿಂತಂತೆ ಕಾಣುತ್ತಿದ್ದವು. ನೀರು ಇಳಿಯತೊಡಗಿದಾಗ ಹಸಿರು ಬಂತು, ಹಳದಿ ಹೂ ಬಂತು. ಅದರ ಜೊತೆ ಸೊಳ್ಳೆಯೂ ಬಂತು. ಸಂಜೆ ಹೊತ್ತು ಅವು ಹೊಗೆಯಂತೆ ಏಳುತ್ತಿದ್ದವು.

ನದಿಯಾಚೆ ಹಲೀಮಾ ಎಂಬ ಹೆಂಗಸಿನ ಮನೆ. ಗಂಡ ಯೂಸುಫ್, ಅತ್ತೆ, ದೊಡ್ಡ ಮೇಕೆ ಹಿಂಡು. ಆಕೆ ಒಂದು ಬೆಳಿಗ್ಗೆ ನಮ್ಮ ಕಚೇರಿಗೆ ಬಂದು ತನ್ನ ಮೇಕೆಗಳು ಕಂದು ಹಾಕುತ್ತಿವೆ, ದಿನ ತುಂಬುವ ಮೊದಲೇ ಸತ್ತ ಮರಿ ಬೀಳುತ್ತಿವೆ ಎಂದಳು. ಒಂದೆರಡಲ್ಲ, ಗಬ್ಬವಿದ್ದವೆಲ್ಲ. ಹುಟ್ಟಿದ ಮರಿಗಳೂ ನಿಂತಲ್ಲೇ ಕುಸಿಯುತ್ತಿವೆ. ಮ್ವಾಂಗಿಯವರು ಚಹಾ ಲೋಟವನ್ನು ಕೆಳಗಿಟ್ಟು, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳಿದರು. ಯೂಸುಫನಿಗೆ ಜ್ವರ ಬಂದು ಹೋಗಿದೆ, ಈಗ ವಾಸಿ, ಆದರೆ ಕಣ್ಣು ಸರಿಯಿಲ್ಲ ಅನ್ನುತ್ತಾನೆ ಎಂದಳು.

ದೋಣಿಯಲ್ಲಿ ಹೋದೆವು. ಯೂಸುಫ್ ಮರದ ಕೆಳಗೆ ಚಾಪೆಯ ಮೇಲೆ ಕೂತಿದ್ದ. ಎತ್ತರದ, ಚೆಲುವಾದ ಮನುಷ್ಯ. ಸಾಯುವಂತಿದ್ದ ಮೇಕೆಯೊಂದನ್ನು, ಮಾಂಸ ವ್ಯರ್ಥವಾಗದಿರಲಿ ಎಂದು ಅವನೇ ಹಲಾಲ್ ಮಾಡಿ ಕೊಯ್ದಿದ್ದ. ಅದಾದ ಸ್ವಲ್ಪ ದಿನಕ್ಕೆ ಜ್ವರ. ಜ್ವರ ಬಿಟ್ಟ ಮೇಲೆ ಕಣ್ಣಿನ ನಡುವೆ ಮಸುಕು. ನನ್ನ ಕಡೆ ತಿರುಗಿ, ತನಗೆ ಕಾಣುವುದನ್ನು ವಿವರಿಸಿದ. ಜೊತೆಗೆ ಬಂದಿದ್ದ ನಮ್ಮ ಕಚೇರಿಯ ಡ್ರೈವರ್ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದ. ನಿಮ್ಮ ಸುತ್ತಲಿನ ಮರ ಕಾಣುತ್ತದೆ, ಆಕಾಶ ಕಾಣುತ್ತದೆ, ಅಂಚಿನಲ್ಲಿ ನನ್ನ ಮೇಕೆಗಳು ಕಾಣುತ್ತವೆ. ನಿಮ್ಮ ಮುಖವಿರಬೇಕಾದ ಜಾಗದಲ್ಲಿ ಹೊಗೆಯಿದೆ.

ಹಲೀಮಾ ನನ್ನ ಪಕ್ಕದಲ್ಲಿದ್ದಳು. ಅವಳ ಮುಖವೂ ಕಾಣುವುದಿಲ್ಲವೇ ಎಂದು ನಾನು ಕೇಳಲಿಲ್ಲ.

ಅದು ರಿಫ್ಟ್ ಕಣಿವೆ ಜ್ವರ. ಮಳೆ ಹುಯ್ದು ನೀರು ನಿಂತ ಮೇಲೆ ಸೊಳ್ಳೆಯಿಂದ ಕುರಿ ಮೇಕೆಗಳಿಗೆ, ಅವುಗಳ ರಕ್ತ, ಸತ್ತ ಮರಿ, ಮಾಸು ಮುಟ್ಟಿದವರಿಗೆ, ಕೆಲವೊಮ್ಮೆ ಸೊಳ್ಳೆಯಿಂದ ನೇರವಾಗಿಯೂ ಬರುತ್ತದೆ. ಹೆಚ್ಚಿನವರಿಗೆ ಬರೀ ಜ್ವರ ಬಂದು ಹೋಗುತ್ತದೆ. ಕೆಲವರ ಕಣ್ಣು ಕೆಡುತ್ತದೆ. ಕೆಲವರಿಗೆ ರಕ್ತ ಹರಿದು ಜೀವವೇ ಹೋಗುತ್ತದೆ. ಪರೀಕ್ಷೆಗೆ ಕಳಿಸಿದ ರಕ್ತದ ಫಲಿತಾಂಶ ರಾಜಧಾನಿಯಿಂದ ಬರುವ ಮೊದಲೇ ಊರಿನಲ್ಲಿ ಇಬ್ಬರು ತೀರಿಕೊಂಡರು. ಇಬ್ಬರೂ ಕಸಾಯಿ ಕೆಲಸದವರು.

ಬಕ್ರೀದ್ ಹತ್ತಿರ ಬಂದಿತ್ತು.

ಹಬ್ಬಕ್ಕೆ ಕುರಿ ಮೇಕೆ ಕೊಯ್ಯುವ ಕುರ್ಬಾನಿ ನಿಲ್ಲಿಸಿ, ಸಂತೆ ಮುಚ್ಚಿ ಎಂದು ಮ್ವಾಂಗಿಯವರು ಆದೇಶ ಹೊರಡಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಜನ ಮನೆಯೊಳಗೆ ಮರೆಯಲ್ಲಿ ಕೊಯ್ಯುತ್ತಾರೆ, ಆಗ ಇನ್ನೂ ಕೇಡು ಎಂದು ಅವರಿಗೆ ಗೊತ್ತಿತ್ತು. ಅವರು ಕ್ರೈಸ್ತರು. ನೀವು ಊರಿನ ಹಿರಿಯರ ಹತ್ತಿರ ಒಂದು ಮಾತು ಆಡುತ್ತೀರಾ ಎಂದು ನನ್ನನ್ನು ಕೇಳಿದರು. ನಾನು ರಾತ್ರಿಯೆಲ್ಲ ಯೋಚಿಸಿದೆ. ಹೊರಗಿನಿಂದ ಬಂದ ಹೆಂಗಸು ನಾನು. ಹಬ್ಬದ ದಿನ ತಟ್ಟೆಯಲ್ಲಿಟ್ಟು ಅಕ್ಕಪಕ್ಕದ ಮನೆಗೆ ಕಳಿಸುವ ಪಾಲಿನ ಬೆಲೆ ನನಗೂ ಗೊತ್ತು. ಅದನ್ನು ಬಿಡಿ ಎಂದು ಯಾವ ಬಾಯಲ್ಲಿ ಹೇಳುವುದು?

ಮರುದಿನ ಮಸೀದಿಯ ಅಂಗಳದಲ್ಲಿ ಹಿರಿಯರು ಸೇರಿದರು. ನಾನು ಡ್ರೈವರ್ ಮೂಲಕ ರೋಗದ ವಿಷಯ ಹೇಳಿದೆ. ಒಬ್ಬಿಬ್ಬರು ಸಿಟ್ಟಾದರು. ಸಂತೆ ಮುಚ್ಚಿದರೆ ಹೊಟ್ಟೆಗೇನು ಎಂದರು. ಅಷ್ಟರಲ್ಲಿ ಹಲೀಮಾ ಗಂಡನ ಕೈ ಹಿಡಿದು ಕರೆತಂದಳು. ಯೂಸುಫ್ ಕೂರಲಿಲ್ಲ. ಗುಂಪಿನ ಕಡೆ ನೋಡುತ್ತ, ಒಬ್ಬೊಬ್ಬರಿಗೂ ಸಲಾಂ ಹೇಳಲು ಶುರುಮಾಡಿದ. ಅವರು ಸಲಾಂ ಮರಳಿಸಿದ ಮೇಲೆ, ದನಿ ಕೇಳಿ ಹೆಸರು ಹಿಡಿದು ಕರೆಯುತ್ತಿದ್ದ. ಬಾಲ್ಯದ ಗೆಳೆಯರು, ಸೋದರಮಾವ, ಜೊತೆಯಲ್ಲಿ ಒಂಟೆ ಕಾಯ್ದವರು. ಒಬ್ಬರ ಹೆಸರು ತಪ್ಪಿ ಹೇಳಿದ. ಆ ಮನುಷ್ಯ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ.

ಮುದಿ ಇಮಾಮರು ಕೊನೆಗೆ ಮಾತಾಡಿದರು. ಕಾಯಿಲೆಯ ಪ್ರಾಣಿ ಕುರ್ಬಾನಿಗೆ ಸಲ್ಲುವುದಿಲ್ಲ. ಯಾವುದಕ್ಕೆ ಕಾಯಿಲೆ, ಯಾವುದಕ್ಕಿಲ್ಲ ಎಂದು ತಿಳಿಯದ ವರ್ಷ ಕೈ ತಡೆಯುವುದೇ ಸರಿ. ನಮಾಜಿಗೆ ಯಾವ ತಡೆಯೂ ಇಲ್ಲ ಎಂದರು. ಆ ಹಬ್ಬದ ದಿನ ಬಯಲಿನಲ್ಲಿ ಬಿಳಿ ಬಟ್ಟೆಯ ಸಾಲುಗಳು ಬಾಗಿ ಎದ್ದವು. ಮೇಕೆಗಳು ದೂರದ ಹಳದಿ ಹೂಗಳಲ್ಲಿ ಮೇಯುತ್ತಿದ್ದವು. ಎಲ್ಲರ ಮನೆಯಲ್ಲೂ ಅನ್ನ, ಖರ್ಜೂರ. ಅಷ್ಟು ಸದ್ದಿಲ್ಲದ ಬಕ್ರೀದನ್ನು ನಾನು ಮತ್ತೆ ಕಂಡಿಲ್ಲ. ಆಮೇಲೆಯೂ ಜ್ವರ ಬಂತು, ಆದರೆ ನಾವು ಹೆದರಿದಷ್ಟು ಮನೆಗಳಿಗೆ ಬರಲಿಲ್ಲ. ಯೂಸುಫನ ಕಣ್ಣು ಪೂರ್ತಿ ಮರಳಲಿಲ್ಲ. ನಾನು ಹೊರಡುವ ದಿನ, ಹಲೀಮಾಳ ಮುಖವನ್ನು ಓರೆಯಾಗಿ ತಿರುಗಿ ನೋಡುವುದನ್ನು ಕಲಿತಿದ್ದೇನೆ ಎಂದ. ಅವಳು ತಲೆಗೆ ಹೊದ್ದ ಬಟ್ಟೆಯ ಮರೆಯಲ್ಲಿ ನಕ್ಕಳು.

ಊರಿಗೆ ಮರಳಿದ ಮೇಲೆ ನನ್ನನ್ನು ಕುಣಿಗಲ್ಲಿಗೆ ಹಾಕಿದರು. ದೊಡ್ಡ ಕೆರೆ, ಹೆದ್ದಾರಿ, ಹಾಲಿನ ಡೈರಿಗಳು, ಮಿಶ್ರತಳಿ ಹಸುಗಳು. ಮೊದಲ ಕೆಲವು ತಿಂಗಳು ನಾನು ನೀರಿನೊಳಗೆ ನಡೆಯುವವಳಂತೆ ಇದ್ದೆ. ಹಸುವಿಗೆ ಜ್ವರ ಅಂದರೆ ಮನೆಯವರ ಆರೋಗ್ಯ ವಿಚಾರಿಸುತ್ತಿದ್ದೆ. ಜನ ಅದನ್ನು ಉಪಚಾರದ ಮಾತು ಎಂದುಕೊಂಡು, ಚೆನ್ನಾಗಿದೀವಿ ಡಾಕ್ಟ್ರಮ್ಮ, ನೀವು ಹೆಂಗಿದೀರಿ ಎನ್ನುತ್ತಿದ್ದರು.

ಬಸವರಾಜು ರಜೆಯ ಮೇಲಿದ್ದಾರೆ, ಬಹಳ ದಿನವಾಯಿತು ಎಂದು ಗುಬ್ಬಿಯ ಕಡೆಯವರು ಯಾರೋ ಹೇಳಿದರು. ಮನಸ್ಸಿಗೆ ಏನೋ ಆಗಿದೆಯಂತೆ, ಯಾರ ಹತ್ತಿರವೂ ಮಾತಿಲ್ಲವಂತೆ. ಒಂದು ಭಾನುವಾರ ಗುಬ್ಬಿಗೆ ಹೋಗಿ ಅಲ್ಲಿಂದ ಚೇಳೂರಿನ ಬಸ್ಸು ಹತ್ತಿದೆ. ರಾಗಿ ತೆನೆ ಬಿಟ್ಟಿತ್ತು. ಗಾಳಿ ಬೀಸಿದಾಗ ಹೊಲವೇ ಉಸಿರಾಡುವಂತೆ ಕಾಣುತ್ತಿತ್ತು.

ಮನೆಯ ಜಗಲಿಯ ಮೇಲೆ ಅವರು ಗೋಡೆಗೊರಗಿ ಕೂತಿದ್ದರು. ಆ ದೊಡ್ಡ ಮೈ ಇಳಿದುಹೋಗಿತ್ತು. ನನ್ನನ್ನು ಕಂಡು ಏಳಲು ಹೋದರು, ಸೊಂಟ ಹಿಡಿದುಕೊಂಡು ಮತ್ತೆ ಕೂತರು. ಅವರ ಹೆಂಡತಿ ಗೌರಮ್ಮ ನನ್ನನ್ನು ಒಳಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು.

"ಬೆಳಿಗ್ಗೆ ಸರ್ಯಾಗಿರ್ತಾರೆ ಮೇಡಂ. ಹೊತ್ತು ಇಳೀತಿದ್ದಂಗೆ ಚಳಿ. ಆಮೇಲೆ ಬೆವರು, ಹೊದ್ದಿದ್ದ ದುಪ್ಪಟಿ ಹಿಂಡಬೌದು. ನಾಕು ದಿನ ಬುಡ್ತದೆ, ತಿರ್ಗ ಬತ್ತದೆ. ಟೈಫಾಯ್ಡ್ ಅಂದ್ರು, ಬೆನ್ನುಮೂಳೆ ಟೀಬಿ ಇರ್ಬೌದು ಅಂದ್ರು. ಈಗ ಊರವ್ರು ಇವ್ರಿಗೆ ತಲೆ ಕೆಟ್ಟದೆ ಅಂತಾರೆ."

ನಾನು ಕೇಳಿದ್ದು ಮ್ವಾಂಗಿಯವರ ಪ್ರಶ್ನೆ. ನಿಮ್ಮ ಹಸುಗಳು ಹೇಗಿವೆ?

ಗೌರಮ್ಮ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಗಂಡನ ಕಾಯಿಲೆ ಹೇಳಿದರೆ ಇವಳು ಹಸು ವಿಚಾರಿಸುತ್ತಾಳಲ್ಲ ಎಂದು ಅನ್ನಿಸಿರಬೇಕು. ಆಮೇಲೆ ಹೇಳಿದಳು. ಕೆಂಪಿ ಎಂಬ ಹಸು ಹೋದ ವರ್ಷ ತುಂಬು ಗಬ್ಬದಲ್ಲಿ ಕಂದು ಹಾಕಿತ್ತು. ಮಾಸು ಬೀಳಲಿಲ್ಲ. ಇವರೇ ಕೈಹಾಕಿ ತೆಗೆದಿದ್ದರು.

ಹಳ್ಳಿಯವರು ಕಂದು ಹಾಕುವ ರೋಗ ಎಂದು ಕರೆಯುವುದನ್ನೇ ನಾವು ಬ್ರುಸೆಲ್ಲೋಸಿಸ್ ಎನ್ನುತ್ತೇವೆ. ಮಾಸು ಮುಟ್ಟಿದ ಕೈಯಿಂದ, ಹಸಿ ಹಾಲಿನಿಂದ ಅದು ಮನುಷ್ಯರಿಗೂ ಅಂಟುತ್ತದೆ. ಕೀನ್ಯಾದಲ್ಲಿ ಹಸಿ ಹಾಲು ಕುಡಿಯುವ ಒಂಟೆ ಸಾಕುವವರಲ್ಲಿ ಅದನ್ನು ಎಷ್ಟೋ ಕಂಡಿದ್ದೆ. ಬಂದು ಹೋಗುವ ಜ್ವರ, ನೆನೆಯುವಷ್ಟು ಬೆವರು, ಸೊಂಟದ ನೋವು, ಯಾವುದರಲ್ಲೂ ಆಸೆ ಉಳಿಯದ ಮನಸ್ಸು. ಗದ್ದಲವಿಲ್ಲದೆ ಒಳಗೆ ಕೂತು ಮನುಷ್ಯನನ್ನು ಅರೆಯುವ ರೋಗ.

ಮರುವಾರ ತುಮಕೂರಿನ ಒಂದು ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋದೆ. ಅಲ್ಲಿದ್ದ ವೈದ್ಯರು ಕಿರಿಯರು, ಒಳ್ಳೆಯವರು. ನಾನು ದನದ ಡಾಕ್ಟರು ಎಂದು ಮೊದಲೇ ಹೇಳಿಕೊಂಡು, ಈ ಒಂದು ರಕ್ತಪರೀಕ್ಷೆ ಮಾಡಿಸಿ ನೋಡೋಣವೇ ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತು ಎಲ್ಲ ಕೇಳಿದರು. ಪರೀಕ್ಷೆಯಲ್ಲಿ ಅದೇ ಬಂತು. ಎರಡು ಬಗೆಯ ಮಾತ್ರೆ ವಾರಗಟ್ಟಲೆ, ಒಂದು ಹೊತ್ತೂ ತಪ್ಪಿಸದೆ ತೆಗೆದುಕೊಳ್ಳಬೇಕು ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಬಸವರಾಜು ಆ ದಿನದ ಮೊದಲ ಮಾತು ಆಡಿದರು.

"ಹಂಗಾರೆ ನಂಗೆ ತಲೆ ಕೆಟ್ಟಿಲ್ಲ."

ಇಲ್ಲ ಎಂದೆ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಗೌರಮ್ಮ ಆ ಕಡೆ ತಿರುಗಿ, ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುವಂತೆ ನಿಂತಳು.

ಇನ್ನು ಹಸುಗಳ ಕಥೆ. ಕೊಟ್ಟಿಗೆಯಲ್ಲಿ ಕೆಂಪಿ ಮತ್ತು ಅದು ಹಿಂದೆ ಹಾಕಿದ್ದ ಹೆಣ್ಣುಕರು, ಈಗ ಬೆಳೆದು ಇನ್ನೂ ಕರು ಹಾಕದ ಪಡ್ಡೆ, ಎರಡೇ ಇದ್ದವು. ರಕ್ತ ಪರೀಕ್ಷೆ ಮಾಡಿಸಿದೆ. ಕೆಂಪಿಗೆ ರೋಗವಿತ್ತು, ಪಡ್ಡೆಗೆ ಇರಲಿಲ್ಲ. ಸುದ್ದಿ ಊರಲ್ಲಿ ಹರಡಿತು. ಮನೆಗೆ ಬಂದು ಹಾಲು ಒಯ್ಯುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಪಕ್ಕದ ಮನೆಯ ರಂಗಜ್ಜಿ, ದಿನಕ್ಕೆ ಎರಡು ಸಲ ಬಂದು ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದವಳು, ಬೇಲಿಯಾಚೆಯಿಂದಲೇ ಮಾತಾಡಿಸತೊಡಗಿದಳು. ಕಾಯಿಸಿದ ಹಾಲಿನಿಂದ ಭಯವಿಲ್ಲ ಎಂದು ನಾನು ಮನೆಮನೆಗೆ ಹೋಗಿ ಹೇಳಿದೆ. ತಲೆಯಾಡಿಸಿದರು. ಯಾರೂ ಬರಲಿಲ್ಲ.

ಆ ದಿನಗಳಲ್ಲೇ ದನದ ದಲ್ಲಾಳಿಯೊಬ್ಬ ಬಂದ. ಕೆಂಪಿಯನ್ನು ದೂರದ ಸಂತೆಗೆ ಹೊಡೆದುಕೊಂಡು ಹೋಗುತ್ತೇನೆ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದ. ಗೌರಮ್ಮ ಒಪ್ಪಿದ್ದಳು. ಗಂಡನನ್ನು ಹೀಗೆ ಮಾಡಿದ ಹಸುವನ್ನು ಕಣ್ಣೆದುರು ಕಟ್ಟಿಕೊಂಡು ಮೇವು ಹಾಕುವುದು ಅವಳಿಗೆ ಆಗುತ್ತಿರಲಿಲ್ಲ. ನಾನು ಹೋದ ಹೊತ್ತಿಗೆ ದಲ್ಲಾಳಿ ಕೆಂಪಿಯನ್ನು ಕಟ್ಟಿದ್ದ ಹಗ್ಗದ ಕಣ್ಣಿ ಬಿಚ್ಚುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಬಸವರಾಜು ಗೋಡೆ ಹಿಡಿದು ಎದ್ದು ಬಂದರು. ಮಾತ್ರೆ ಆಗತಾನೆ ಹಿಡಿಯುತ್ತಿತ್ತು.

"ಬುಡಪ್ಪ ಕಣ್ಣಿ," ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಇದು ಇನ್ನೊಬ್ರ ಕೊಟ್ಟಿಗೆಗೆ ಹೋಗ್ತದೆ ಕಣೇ. ಅಲ್ಲೂ ನಿನ್ನಂಗೆ ಒಬ್ಳು ಇರ್ತಾಳೆ. ಗಂಡನ ದುಪ್ಪಟಿ ಹಿಂಡ್ತಾ ಕೂತಿರ್ತಾಳೆ."

ಗೌರಮ್ಮ ದಲ್ಲಾಳಿಯ ಕೈಯಿಂದ ಕಣ್ಣಿ ತೆಗೆದುಕೊಂಡು, ಕೆಂಪಿಯನ್ನು ತೋಟದ ಆಚೆ ತುದಿಗೆ ನಡೆಸಿಕೊಂಡು ಹೋದಳು. ಅಲ್ಲಿ ಹುಣಸೆ ಮರದ ಕೆಳಗೆ ಗರಿ ಹೊದಿಸಿ ಬೇರೆ ಕೊಟ್ಟಿಗೆ ಕಟ್ಟಿದರು. ಕೆಂಪಿಯನ್ನು ಮತ್ತೆ ಗಬ್ಬ ಕಟ್ಟಿಸಲಿಲ್ಲ. ಹಾಲು ಬತ್ತಿತು. ಗೌರಮ್ಮ ಅದಕ್ಕೆ ಬೇರೆ ಬಕೆಟ್ಟು, ಬೇರೆ ಪೊರಕೆ ಇಟ್ಟಳು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದಳು. ಮೊದಮೊದಲು ಅದರ ಮುಖ ನೋಡದೆ ಮೇವು ಹಾಕಿ ಬರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಹೋದಾಗ, ಹುಣಸೆ ನೆರಳಿನಲ್ಲಿ ಕೂತು ಅದರೊಂದಿಗೆ ಏನೋ ಮಾತಾಡುತ್ತಿದ್ದಳು. ಎಲೆಗಳ ನಡುವಿನಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಇಬ್ಬರ ಮೇಲೂ ಬಿದ್ದಿತ್ತು. ನಾನು ಕೂಗದೆ ಹಿಂದಿರುಗಿದೆ.

ಬಸವರಾಜು ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ನಡುವೆ ಒಮ್ಮೆ ಜ್ವರ ಮರಳಿತು, ಮತ್ತೆ ಮಾತ್ರೆ ಶುರುವಾಯಿತು. ಕೊನೆಗೆ ಕೆಲಸಕ್ಕೆ ಹೋದರು. ಭುಜದವರೆಗಿನ ಕೈಗವಸು ತೊಟ್ಟು ಕೊಟ್ಟಿಗೆಗೆ ಇಳಿದರೆ ಜನ, ಏನಣ್ಣ ಮದುವೆ ಗಂಡಿನಂಗೆ ರೆಡಿಯಾಗಿದೀಯ ಎಂದು ನಗುತ್ತಿದ್ದರಂತೆ. ಅವರು ತಮ್ಮ ಕಥೆ ಹೇಳುತ್ತಿದ್ದರು. ನಗು ನಿಲ್ಲುತ್ತಿತ್ತು. ಈಗ ಕೆಲಸಕ್ಕೆ ಬರುವ ನಿಮಗೆ ಕೈಗವಸು ಸಿಗುತ್ತದೆ, ಹೆಣ್ಣು ಕರುಗಳಿಗೆ ಲಸಿಕೆಯಿದೆ, ಪರೀಕ್ಷೆಗೆ ಕಳಿಸಲು ದಾರಿಯಿದೆ. ಸೆಖೆ ಎಂದು ಕೈಗವಸನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಬೇಡಿ.

ನಾನು ನಿವೃತ್ತಿಯಾಗುವ ಸ್ವಲ್ಪ ಮೊದಲು ಆ ಪಡ್ಡೆ ಕರು ಹಾಕಿತು. ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದ್ದೆ, ಪ್ರತಿ ಸಲವೂ ರೋಗವಿಲ್ಲ ಎಂದೇ ಬಂದಿತ್ತು. ಗೌರಮ್ಮ ಫೋನು ಮಾಡಿ ಬರಲೇಬೇಕು ಎಂದಳು. ಹೋದಾಗ ಮನೆಯ ತುಂಬ ಏಲಕ್ಕಿಯ ಪರಿಮಳ. ಹೊಸ ಹಾಲಿಗೆ ಬೆಲ್ಲ ಹಾಕಿ ಹಬೆಯಲ್ಲಿ ಗಿಣ್ಣು ಬೇಯಿಸುತ್ತಿದ್ದಳು. ಎಳೆಗರು ಅಂಗಳದ ಬಿಸಿಲಿನಲ್ಲಿ ಮಲಗಿ, ಇನ್ನೂ ಎಲ್ಲಿಂದಲೋ ಬರುತ್ತಲೇ ಇರುವಂತೆ ಕಣ್ಣು ಮಿಟುಕಿಸುತ್ತಿತ್ತು. ಕರು ಹಾಕಿದ ಮನೆಯವರು ಸುತ್ತಲಿನ ಮನೆಗಳಿಗೆ ಗಿಣ್ಣು ಹಂಚುವುದು ಅಲ್ಲಿಯ ವಾಡಿಕೆ. ಗೌರಮ್ಮ ಒಂದು ತಟ್ಟೆಯಲ್ಲಿ ಕತ್ತರಿಸಿಟ್ಟಳು. ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತುಬಿಟ್ಟಳು. ಮುಂದಕ್ಕೆ ಹೆಜ್ಜೆ ಬರಲಿಲ್ಲ. ನಾನು ಬರುತ್ತೇನೆ ನಡಿ ಎಂದೆ.

ರಂಗಜ್ಜಿ ತನ್ನ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಗೌರಮ್ಮ ತಟ್ಟೆಯನ್ನು ಅವಳ ಮುಂದೆ ಇಟ್ಟಳು. ಅಜ್ಜಿ ತಟ್ಟೆಯನ್ನು ನೋಡಿದಳು, ಗೌರಮ್ಮನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ತಿನ್ಬೌದಾ ಡಾಕ್ಟ್ರಮ್ಮ?"

ನಾನು ಒಂದು ತುಂಡು ಎತ್ತಿ ಬಾಯಿಗಿಟ್ಟುಕೊಂಡೆ. ಇನ್ನೂ ಬಿಸಿಯಿತ್ತು, ಮೆತ್ತಗಿತ್ತು. ಅಜ್ಜಿ ಕೈಯನ್ನು ಸೀರೆಗೆ ಒರೆಸಿಕೊಂಡು ಒಂದು ತುಂಡು ತೆಗೆದುಕೊಂಡಳು. ಕಣ್ಣು ಮುಚ್ಚಿ, ಹಲ್ಲಿಲ್ಲದ ಬಾಯಲ್ಲಿ ಅದನ್ನು ಅತ್ತಿಂದಿತ್ತ ಹೊರಳಿಸಿದಳು.

"ಬೆಲ್ಲ ಕಮ್ಮಿ ಆಯ್ತು ಕಣೇ ಗೌರಿ," ಎಂದಳು ರಂಗಜ್ಜಿ, ಮತ್ತೊಂದು ತುಂಡಿಗೆ ಕೈ ಚಾಚುತ್ತ.